ಕೋಫ್ತ್‌ಗಾರಿ

ಉಕ್ಕಿನ ಮೇಲೆ ಚಿನ್ನ ಅಥವಾ ಬೆಳ್ಳಿಯ ತಂತಿಯನ್ನು ಬಡಿದು ಕೂರಿಸುವ ಕುಸುರಿಗೆ ಕೋಫ್ತ್‌ಗಾರಿ ಎಂದು ಹೆಸರು. ಪಾರಸಿಯಲ್ಲಿ ‘ಕೋಫ್ತನ್’ ಎಂದರೆ ಬಡಿ, ಕುಟ್ಟು. ‘ಗಾರಿ’ ಎಂದರೆ ಕೆಲಸ. ಊಟದ ತಟ್ಟೆಯ ಕೋಫ್ತಾ ಇದೇ ಧಾತುವಿನ ಕೂಸು.

ಕುಸುರಿಗಾರ ಮೊದಲು ತಲ್ವಾರಿನ ಹಿಡಿಯನ್ನು ಅಡ್ಡಡ್ಡ ಗೀರಿ ತರಿತರಿಯಾಗಿಸುತ್ತಾನೆ. ಕೂದಲೆಳೆಯಂಥ ತಂತಿಯನ್ನು ಬಳ್ಳಿ, ಹೂವಿನ ಆಕಾರಕ್ಕೆ ಬಾಗಿಸಿ ಬಡಿದರೆ ಮೆದುವಾದ ಚಿನ್ನ ಆ ಗೀರುಗಳನ್ನು ಕಚ್ಚಿಕೊಳ್ಳುತ್ತದೆ. ಬಳಿಕ ಕಾಯಿಸಿ, ನಯವಾದ ಕಲ್ಲಿನಿಂದ ಉಜ್ಜುತ್ತಾರೆ.

ಹಳೆಯ ಹಿಡಿಯಲ್ಲಿ ಇದನ್ನು ಗುರುತಿಸಲು ಸವೆದ ಜಾಗಕ್ಕಿಂತ ಒಳ್ಳೆಯ ಸಾಕ್ಷಿಯಿಲ್ಲ. ಬೆರಳು ತಾಗಿ ಚಿನ್ನ ಅಳಿದ ಕಡೆ ಭೂತಗನ್ನಡಿ ಹಿಡಿದರೆ ಬಲೆಯಂಥ ಸಣ್ಣ ಗೀರುಗಳು ಕಾಣುತ್ತವೆ. ‘ತಹ್‌ನಿಶಾನ್’ ಬೇರೆಯೇ ಕೆಲಸ: ಅಲ್ಲಿ ಉಕ್ಕನ್ನು ಆಳವಾಗಿ ಕೊರೆದು ದಪ್ಪ ತಂತಿ ಹುದುಗಿಸುವುದರಿಂದ, ತಂತಿ ಬಿದ್ದುಹೋದಲ್ಲಿ ಕಾಲುವೆಯಂಥ ಗುಳಿ ಉಳಿಯುತ್ತದೆ. ಬೀದರಿನ ಬಿದ್ರಿಯನ್ನೂ ಕೋಫ್ತ್‌ಗಾರಿ ಎನ್ನುವುದು ತಪ್ಪು. ಅದರ ತಳ ಸತುವಿನ ಮಿಶ್ರಲೋಹ, ಬೆಳ್ಳಿ ಕೂರುವುದು ಕೊರೆದ ಗೆರೆಯೊಳಗೆ.

19ನೇ ಶತಮಾನದಲ್ಲಿ ಪಂಜಾಬಿನ ಸಿಯಾಲ್‌ಕೋಟ್ ಮತ್ತು ಗುಜ್ರಾತ್ ಪಟ್ಟಣಗಳು ಕೋಫ್ತ್‌ಗಾರಿಗೆ ಹೆಸರಾಗಿದ್ದವು. ಉದಯಪುರದಲ್ಲಿ ಈ ಕಸುಬು ಇಂದಿಗೂ ಜೀವಂತವಾಗಿದೆ.