ದಂಡಿನ ಹೆಬ್ಬಾಗಿಲು

ಕೆಲವು ದಿನಗಳ ಹಿಂದೆ ದ್ವಿತೀಯ ಪಿಯುಸಿ ತರಗತಿಯ ವಿದ್ಯಾರ್ಥಿನಿಯೊಬ್ಬಳು, ಪಾಠ ಮುಗಿದ ಮೇಲೆ, ಅಧ್ಯಾಪಕರ ಕೊಠಡಿಯ ಬಾಗಿಲಲ್ಲಿ ಬಂದು ನಿಂತಳು. ತಂದೆ ಬಸ್ಸಿನ ಕಂಡಕ್ಟರು. ಮನೆಯಲ್ಲಿ ಸೈನ್ಯದ ಹೆಸರು ಕೇಳಿದವರು ಯಾರೂ ಇಲ್ಲ. ಆದರೂ ಖಡಕ್‌ವಾಸ್ಲಾದ ರಾಷ್ಟ್ರೀಯ ರಕ್ಷಣಾ ಅಕಾಡೆಮಿಗೆಂದು ಕೇಂದ್ರ ಲೋಕಸೇವಾ ಆಯೋಗ ನಡೆಸುವ ಲಿಖಿತ ಪರೀಕ್ಷೆಯಲ್ಲಿ ತೇರ್ಗಡೆಯಾಗಿ, ಆಯ್ಕೆ ಮಂಡಳಿಯ ಕರೆಯೋಲೆಯನ್ನು ಕೈಯಲ್ಲಿ ಹಿಡಿದಿದ್ದಳು.

“ಸಾರ್, ನನ್ನ ವಿಷಯದಲ್ಲಿ ನಿಮ್ಮ ಅಭಿಪ್ರಾಯ ಏನು ಅಂತ ಹೇಳ್ತೀರಾ?” ಎಂದಳು.

ನಡತೆಯ ಸರ್ಟಿಫಿಕೇಟು ಬೇಕೇನೋ ಎಂದು ನಾನು ಕಾಗದಕ್ಕೆ ಕೈ ಹಾಕಿದೆ. ಅದಲ್ಲವಂತೆ. ಮಂಡಳಿಯ ಪರೀಕ್ಷೆಗಳಲ್ಲಿ ಒಂದು ಹೀಗಿದೆ: ನಿನ್ನ ತಂದೆತಾಯಿಗಳು ನಿನ್ನನ್ನು ಕುರಿತು ಏನೆನ್ನುತ್ತಾರೆ, ಅಧ್ಯಾಪಕರು ಏನೆನ್ನುತ್ತಾರೆ, ಸ್ನೇಹಿತರು ಏನೆನ್ನುತ್ತಾರೆ, ನಿನ್ನನ್ನು ನೀನು ಏನೆಂದುಕೊಂಡಿದ್ದೀಯೆ, ಮುಂದೆ ಎಂಥವಳಾಗಬೇಕೆಂದಿದ್ದೀಯೆ — ಇಷ್ಟನ್ನೂ ಹದಿನೈದು ನಿಮಿಷದಲ್ಲಿ ಬರೆದು ಕೊಡಬೇಕು. ಅಧ್ಯಾಪಕರ ಪಾಲಿನದನ್ನು ಊಹಿಸಿ ಬರೆಯುವುದು ಅವಳಿಗೆ ಸರಿಬೀಳಲಿಲ್ಲ. ಕೇಳಿಯೇ ಬರೆಯೋಣವೆಂದು ಬಂದಿದ್ದಳು. ಎರಡು ದಿನ ಬಿಟ್ಟು ಬಾರಮ್ಮ ಎಂದೆ.

ಹಳೆಯ ಪುಸ್ತಕಗಳನ್ನು ಕೆದಕುವುದು ನನಗೆ ಅಂಟಿದ ಚಟ. ಹುಡುಗಿಯ ಪ್ರಶ್ನೆಗೆ ಉತ್ತರ ಯೋಚಿಸುವುದನ್ನು ಬಿಟ್ಟು, ಆ ಬಾಗಿಲಲ್ಲಿ ಯಾರು ಯಾರನ್ನು ಏನೇನು ಕೇಳಿದರು ಎಂದು ನೋಡುತ್ತ ಕುಳಿತೆ.

ಕಂಪನಿ ಸರ್ಕಾರದ ಕಾಲದಿಂದಲೂ ಈ ದೇಶದ ಸಿಪಾಯಿ ಎಷ್ಟೇ ಪರಾಕ್ರಮಿಯಾಗಿರಲಿ, ಸುಬೇದಾರ್ ಮೇಜರ್ ಪದವಿಯಿಂದಾಚೆಗೆ ಏರುವಂತಿರಲಿಲ್ಲ. ತಲೆ ನರೆತ ಸುಬೇದಾರ, ನಿನ್ನೆ ಮೊನ್ನೆ ಹಡಗಿನಿಂದ ಇಳಿದ, ಇನ್ನೂ ಮೀಸೆ ಮೂಡದ ಇಂಗ್ಲಿಷ್ ಹುಡುಗನಿಗೆ ಸಲಾಮು ಹೊಡೆಯಬೇಕಾಗಿತ್ತು. ಕರ್ಜನ್ ಪ್ರಭು ರಾಜಕುಮಾರರಿಗೂ ಸರದಾರರ ಮಕ್ಕಳಿಗೂ ಒಂದು ಕೆಡೆಟ್ ದಳವನ್ನು ಕಟ್ಟಿಸಿದನೇನೋ ನಿಜ. ಆದರೆ ಅಲ್ಲಿ ಕಲಿತವರಿಗೆ ಪೋಷಾಕು ದಕ್ಕಿದಷ್ಟು ಅಧಿಕಾರ ದಕ್ಕಲಿಲ್ಲ. ಮೊದಲನೆಯ ಮಹಾಯುದ್ಧದಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಭಾರತೀಯರು ಕಡಲು ದಾಟಿ ಸೇವೆ ಸಲ್ಲಿಸಿದ ಮೇಲೆ ಹಳೆಯ ನಿಯಮವನ್ನು ಸಮರ್ಥಿಸುವುದು ಆಳುವವರಿಗೇ ನಾಚಿಕೆಯಾಯಿತು. ೧೯೧೭ರ ಆಗಸ್ಟ್‌ನಲ್ಲಿ ನಿರ್ಬಂಧ ಹೋಯಿತು. ಮರುವರ್ಷ ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟ್ ಸೈನಿಕ ಕಾಲೇಜಿನಲ್ಲಿ ಭಾರತೀಯರಿಗೆ ಸ್ಥಳ ಮೀಸಲಾಯಿತು. ಎಷ್ಟು? ವರ್ಷಕ್ಕೆ ಹತ್ತು.

ಆ ಹತ್ತರೊಳಗೆ ಸೇರಬೇಕಾದರೆ ವಿದ್ಯೆಯೊಂದೇ ಸಾಲದು. ಜಿಲ್ಲೆಯ ದೊರೆ ಒಪ್ಪಬೇಕು, ಪ್ರಾಂತದ ಗವರ್ನರು ಒಪ್ಪಬೇಕು, ಕೊನೆಗೆ ಸಿಮ್ಲಾದ ಬೆಟ್ಟ ಹತ್ತಿ ಅಲ್ಲಿನ ದೊಡ್ಡವರಿಗೆ ಮುಖ ತೋರಿಸಬೇಕು. ಮನೆತನ ಯಾವುದು, ಸರ್ಕಾರಕ್ಕೆ ಆ ಮನೆತನ ಸಲ್ಲಿಸಿದ ಸೇವೆ ಏನು ಎಂಬುದೇ ಮೊದಲ ಪ್ರಶ್ನೆ. ಇಷ್ಟನ್ನೂ ದಾಟಿದರೆ, ಹಡಗಿನ ಪ್ರಯಾಣದ ವೆಚ್ಚವೂ ಕಾಲೇಜಿನ ವೆಚ್ಚವೂ ತಂದೆಯ ತಲೆಯ ಮೇಲೆ. ಕರ್ಣ ರಂಗಕ್ಕಿಳಿದಾಗ ಕೃಪಾಚಾರ್ಯ ಅವನ ಕುಲ ಕೇಳಿದ ಪ್ರಸಂಗವನ್ನು ನಾನು ಪ್ರತಿ ವರ್ಷ ಪಾಠ ಮಾಡುತ್ತೇನೆ. ಸಿಮ್ಲಾದಲ್ಲಿ ಅಂಥ ಆಚಾರ್ಯರು ಹಲವರಿದ್ದರು. ಅಂಗರಾಜ್ಯವನ್ನು ಕೊಡುವ ದುರ್ಯೋಧನ ಮಾತ್ರ ಇರಲಿಲ್ಲ.

ಅದೇ ೧೯೧೮ರಲ್ಲಿ ಇಂದೂರಿನ ಡೇಲಿ ಕಾಲೇಜಿನಲ್ಲಿ ಒಂದು ತಾತ್ಕಾಲಿಕ ತರಬೇತಿ ಶಾಲೆಯೂ ತೆರೆಯಿತು. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದುತ್ತಿದ್ದ ಕೊಡಗಿನ ತರುಣ ಕೆ. ಎಂ. ಕಾರ್ಯಪ್ಪ ಸೈನ್ಯಕ್ಕೆ ಕಾಲಿಟ್ಟದ್ದು ಈ ದಾರಿಯಿಂದ. ೧೯೧೯ರ ಡಿಸೆಂಬರ್ ೧ರಂದು ತಾತ್ಕಾಲಿಕ ಕಮಿಷನ್ ಸಿಕ್ಕಿತು. ಕಾಯಂ ಕಮಿಷನ್ ಕೊಡುವಾಗ ಮಾತ್ರ ಸರ್ಕಾರ ಒಂದು ಸಣ್ಣ ಲೆಕ್ಕ ಹಾಕಿತು: ಅದು ೧೯೨೦ರ ಜುಲೈ ೧೭ರಿಂದ ಜಾರಿ ಎಂದು ಬರೆಯಿತು. ಸ್ಯಾಂಡ್‌ಹರ್ಸ್ಟ್‌ನ ತಂಡ ತೇರ್ಗಡೆಯಾಗಿ ಹೊರಬಂದದ್ದು ಜುಲೈ ೧೬ರಂದು. ಒಂದೇ ದಿನದ ಅಂತರ; ಆದರೆ ಸೈನ್ಯದಲ್ಲಿ ಒಂದು ದಿನ ಕಿರಿಯನಾದವನು ಬಾಳೆಲ್ಲ ಕಿರಿಯನೇ. ಪಂಕ್ತಿಯಲ್ಲಿ ಕೂರಿಸಿಯೂ ಎಲೆಯನ್ನು ಕೊಂಚ ಹಿಂದೆ ಹಾಕುವುದು ಎಂದರೆ ಇದು. ಹಾಗೆ ಹಿಂದೆ ಹಾಕಿಸಿಕೊಂಡವರೇ ೧೯೪೯ರ ಜನವರಿ ೧೫ರಂದು ಭಾರತದ ಸೈನ್ಯದ ಮೊದಲ ಭಾರತೀಯ ಮಹಾದಂಡನಾಯಕರಾದರು.

ಸ್ಯಾಂಡ್‌ಹರ್ಸ್ಟ್‌ಗೆ ಹೋದ ನಮ್ಮ ಹುಡುಗರಲ್ಲಿ ಹಲವರು ಅಲ್ಲಿ ನಿಲ್ಲಲಾರದೆ ಹಿಂದಿರುಗಿದರು. ಪರದೇಶ, ಪರಭಾಷೆ, ಹದಿನೆಂಟು ಹತ್ತೊಂಬತ್ತರ ವಯಸ್ಸು, ಆಶ್ಚರ್ಯವೇನು? ಅದಕ್ಕೆ ಪರಿಹಾರವೆಂದು ೧೯೨೨ರ ಮಾರ್ಚ್‌ನಲ್ಲಿ ಡೆಹರಾಡೂನಿನಲ್ಲಿ ಒಂದು ಶಾಲೆಯನ್ನು ತೆರೆದರು. ಎಳೆಯ ಹುಡುಗರನ್ನು ಅಲ್ಲಿ ಇಂಗ್ಲಿಷ್ ಪಬ್ಲಿಕ್ ಶಾಲೆಯ ರೀತಿನೀತಿಗಳಲ್ಲಿ ಪಳಗಿಸಿ ವಿಲಾಯತಿಗೆ ಕಳುಹಿಸುವ ಏರ್ಪಾಡು. ಮಡಿಕೇರಿಯಲ್ಲಿ ಹುಟ್ಟಿ, ಕೂನೂರಿನಲ್ಲೂ ಬೆಂಗಳೂರಿನಲ್ಲೂ ಓದಿದ ಕೆ. ಎಸ್. ತಿಮ್ಮಯ್ಯ ಈ ಶಾಲೆಯಿಂದಲೇ ಸ್ಯಾಂಡ್‌ಹರ್ಸ್ಟ್‌ಗೆ ಹೋಗಿ ೧೯೨೬ರಲ್ಲಿ ಅಧಿಕಾರಿಯಾದರು. ಅಷ್ಟರೊಳಗೆ, ಭಾರತೀಯ ಅಧಿಕಾರಿಗಳನ್ನೆಲ್ಲ ಆಯ್ದ ಎಂಟು ಪಡೆಗಳಿಗೆ ಮಾತ್ರ ಸೇರಿಸುವ ಯೋಜನೆ ಬಂದಿತ್ತು. ಯಾವ ಇಂಗ್ಲಿಷ್ ಅಧಿಕಾರಿಯೂ ಭಾರತೀಯನ ಕೈಕೆಳಗೆ ಬರದಿರಲೆಂಬುದು ಅದರ ಒಳಗುಟ್ಟು. ಆ ಗುಟ್ಟು ಎಲ್ಲರಿಗೂ ಗೊತ್ತಿತ್ತು.

ಈ ಕಥೆಯಲ್ಲಿ ನನಗೆ ಬಹಳ ರುಚಿಸಿದ್ದು ೧೯೨೫ರಲ್ಲಿ ನೇಮಕವಾದ ಸ್ಕೀನ್ ಸಮಿತಿಯ ಭಾಗ. ಹತ್ತು ಸ್ಥಳಗಳಿಗೇ ಯೋಗ್ಯರು ಸಿಕ್ಕುತ್ತಿಲ್ಲ, ಹೆಚ್ಚು ಸ್ಥಳ ಕೊಟ್ಟು ಏನು ಪ್ರಯೋಜನ ಎಂಬುದು ಅಧಿಕಾರಿವರ್ಗದ ವಾದ. ಸಮಿತಿಯಲ್ಲಿ ಮೋತೀಲಾಲ್ ನೆಹರೂ ಇದ್ದರು. ಅವರು ಪಕ್ಷದ ತೀರ್ಮಾನದಂತೆ ನಡುವೆಯೇ ಹೊರಬಂದರು. ಮಹಮ್ಮದ್ ಅಲಿ ಜಿನ್ನಾ ಉಳಿದರು. ಮುಂದೆ ದೇಶವನ್ನು ಒಡೆದು ಕೇಳಿದ ಆ ವಕೀಲರು ಅಂದು ಅಖಂಡ ಭಾರತದ ಹುಡುಗರ ಪರವಾಗಿ ಸೇನಾಧಿಕಾರಿಗಳನ್ನು ಪಾಟೀಸವಾಲಿಗೆ ಗುರಿಮಾಡಿದರು. ಉಪಸಮಿತಿಯೊಡನೆ ಇಂಗ್ಲೆಂಡು, ಫ್ರಾನ್ಸು, ಕೆನಡಾ, ಅಮೆರಿಕಗಳಿಗೆ ಹೋಗಿ ಅಲ್ಲಿಯ ಸೈನಿಕ ಶಾಲೆಗಳನ್ನು ನೋಡಿ ಬಂದರು. ಯೋಗ್ಯರು ಏಕೆ ಸಿಕ್ಕುತ್ತಿಲ್ಲ ಎಂಬುದನ್ನು ಸಮಿತಿ ಹುಡುಗರಲ್ಲಿ ಹುಡುಕದೆ ಆಯ್ಕೆಯ ಕ್ರಮದಲ್ಲೂ ಶಾಲೆಗಳಲ್ಲೂ ಖರ್ಚಿನಲ್ಲೂ ಹುಡುಕಿತು. ೧೯೩೩ರ ಹೊತ್ತಿಗೆ ಭಾರತದಲ್ಲಿಯೇ ಒಂದು ಸೈನಿಕ ಕಾಲೇಜು ಬೇಕೆಂದು ಶಿಫಾರಸು ಮಾಡಿತು. ಸರ್ಕಾರ ಸ್ಯಾಂಡ್‌ಹರ್ಸ್ಟ್‌ನ ಸ್ಥಳಗಳನ್ನು ಇಪ್ಪತ್ತಕ್ಕೆ ಏರಿಸಿ, ಕಾಲೇಜಿನ ಮಾತನ್ನು ಬದಿಗಿಟ್ಟಿತು.

ದುಂಡುಮೇಜಿನ ಪರಿಷತ್ತು ಕೂಡಬೇಕಾಯಿತು, ಆ ಮಾತಿಗೆ ಮತ್ತೆ ಜೀವ ಬರಲು. ೧೯೩೨ರ ಅಕ್ಟೋಬರ್‌ನಲ್ಲಿ ಡೆಹರಾಡೂನಿನಲ್ಲಿ ಭಾರತೀಯ ಸೈನಿಕ ಅಕಾಡೆಮಿ ನಲವತ್ತು ಮಂದಿಯೊಡನೆ ಆರಂಭವಾಯಿತು. ಹದಿನೈದು ಮಂದಿ ಸೈನ್ಯದ ಸಾಲಿನಿಂದ ಬಂದವರು, ಹತ್ತು ಮಂದಿ ದೇಶೀಯ ಸಂಸ್ಥಾನಗಳ ಪಡೆಗಳಿಂದ. ಉಳಿದ ಹದಿನೈದು ಸ್ಥಳಗಳಿಗೆ ಮುಕ್ತ ಸ್ಪರ್ಧೆ. ಅಮೃತಸರದ ವೈದ್ಯರೊಬ್ಬರ ಮಗ, ವೈದ್ಯಶಿಕ್ಷಣಕ್ಕೆ ತನ್ನನ್ನು ಲಂಡನ್ನಿಗೆ ಕಳುಹಿಸಲು ತಂದೆ ಒಪ್ಪಲಿಲ್ಲವೆಂಬ ಸಿಟ್ಟಿನಲ್ಲಿ ಪರೀಕ್ಷೆ ಕಟ್ಟಿ, ಆರನೆಯವನಾಗಿ ತೇರ್ಗಡೆಯಾದ. ಆತನೇ ಸ್ಯಾಮ್ ಮಾಣೆಕ್ ಷಾ. ಅಂಕದ ಪಟ್ಟಿಗೆ ಸಿಟ್ಟೂ ತಿಳಿಯುವುದಿಲ್ಲ, ಮನೆತನವೂ ತಿಳಿಯುವುದಿಲ್ಲ. ಪರೀಕ್ಷೆಗಳನ್ನು ಬೈಯುವ ನನ್ನ ಅಧ್ಯಾಪಕ ಮಿತ್ರರು ಇದನ್ನು ಒಮ್ಮೆ ಯೋಚಿಸಬಹುದು.

ಆದರೆ ಅಂಕದಿಂದ ಧೈರ್ಯವನ್ನು ಅಳೆಯುವುದು ಹೇಗೆ? ಎರಡನೆಯ ಮಹಾಯುದ್ಧದಲ್ಲಿ ಈ ತೊಡಕು ಎದುರಾಯಿತು. ಇಂಗ್ಲೆಂಡಿನಲ್ಲಿ ಕರ್ನಲ್ಲುಗಳು ನಾಲ್ಕು ಮಾತಾಡಿಸಿ ಆರಿಸಿದ ಯುವಕರು ತರಬೇತಿಯಲ್ಲಿ ಸೋತು ಮರಳುವುದು ಅತಿಯಾಗಿ, ೧೯೪೨ರಲ್ಲಿ ಮನಶ್ಶಾಸ್ತ್ರಜ್ಞರನ್ನು ಕೂಡಿಸಿಕೊಂಡ ಆಯ್ಕೆ ಮಂಡಳಿಗಳು ಹುಟ್ಟಿದವು. ಮರುವರ್ಷ ಅವು ಭಾರತಕ್ಕೂ ಬಂದವು. ಬೆಂಗಳೂರಿನಲ್ಲಿ ಇಂದು ಕೂಡುವ ಮಂಡಳಿಗಳೂ ಅದೇ ವಂಶದವು. ಐದು ದಿನಗಳ ಪರೀಕ್ಷೆ. ಮೊದಲ ದಿನವೇ ಸೋಸಿ ಅನೇಕರನ್ನು ಮನೆಗೆ ಕಳುಹಿಸುತ್ತಾರೆ. ಉಳಿದವರ ಎದೆಗೆ ಒಂದು ಸಂಖ್ಯೆ. ಹೆಸರಿಗಿಂತ ಆ ಸಂಖ್ಯೆಯೇ ಮುಖ್ಯ. ಅರ್ಧ ನಿಮಿಷ ಚಿತ್ರವೊಂದನ್ನು ತೋರಿಸಿ ನಾಲ್ಕು ನಿಮಿಷದಲ್ಲಿ ಕಥೆ ಬರೆಯಿಸುತ್ತಾರೆ. ಹದಿನೈದು ಸೆಕೆಂಡಿಗೊಂದರಂತೆ ಅರವತ್ತು ಶಬ್ದಗಳನ್ನು ತೋರಿಸಿ, ಪ್ರತಿಯೊಂದಕ್ಕೂ ಹೊಳೆದದ್ದನ್ನು ಬರೆಯೆನ್ನುತ್ತಾರೆ. ಬಯಲಿನಲ್ಲಿ ಹಲಗೆ, ಹಗ್ಗ, ಪೀಪಾಯಿಗಳನ್ನು ಕೊಟ್ಟು, ನೆಲ ಮುಟ್ಟದೆ ಇಡೀ ಗುಂಪು ಆಚೆಗೆ ದಾಟಬೇಕೆನ್ನುತ್ತಾರೆ. ಆಗ ಗಟ್ಟಿಯಾಗಿ ಕೂಗುವವನು ಯಾರು, ಹಿಂದುಳಿದವನಿಗೆ ಕೈ ನೀಡುವವನು ಯಾರು ಎಂದು ಒಬ್ಬ ಅಧಿಕಾರಿ ಸುಮ್ಮನೆ ನಿಂತು ನೋಡುತ್ತಾನೆ. ಮನಶ್ಶಾಸ್ತ್ರಜ್ಞ, ಗುಂಪಿನ ಪರೀಕ್ಷಕ, ಸಂದರ್ಶಕ ಮೂವರೂ ಬೇರೆ ಬೇರೆಯಾಗಿ ತೂಗಿ ಕೊನೆಯ ದಿನ ಒಟ್ಟಿಗೆ ಕೂರುತ್ತಾರೆ. ಲಿಖಿತ ಪರೀಕ್ಷೆಗೆ ೯೦೦ ಅಂಕ, ಇದಕ್ಕೂ ೯೦೦. ಖರ್ಚಿನ ತಡೆ ಈಗಿಲ್ಲ. ಅಕಾಡೆಮಿಯ ತರಬೇತಿ ಸರ್ಕಾರದ್ದೇ. ಭಾಷೆಯ ತಡೆ ಇದೆ: ಲಿಖಿತ ಪರೀಕ್ಷೆಯ ಪ್ರಶ್ನೆಪತ್ರಿಕೆ ಬರುವುದು ಇಂಗ್ಲಿಷಿನಲ್ಲಿ, ಹಿಂದಿಯಲ್ಲಿ.

ಎಲ್ಲ ಸೀಮೆಯ, ಎಲ್ಲ ಅಂತಸ್ತಿನ ಮಕ್ಕಳೂ ಈ ಬಾಗಿಲಿಗೆ ಬರಲೆಂದೇ ೧೯೬೧ರಿಂದ ಸೈನಿಕ ಶಾಲೆಗಳನ್ನು ತೆರೆದರು. ಬಿಜಾಪುರಕ್ಕೆ ಒಂದು ೧೯೬೩ರಲ್ಲಿ ಬಂತು. ಎಲ್ಲ ಮಕ್ಕಳು ಎಂದರೆ ಗಂಡುಮಕ್ಕಳು ಎಂಬುದನ್ನು ಆಗ ಯಾರೂ ಬಿಡಿಸಿ ಹೇಳಲಿಲ್ಲ, ಹೇಳಬೇಕೆಂದು ಯಾರಿಗೂ ತೋರಲಿಲ್ಲ. ಕಿತ್ತೂರಿನಲ್ಲಿ ರಾಣಿ ಚೆನ್ನಮ್ಮನ ಹೆಸರಿನಲ್ಲಿ ಹೆಣ್ಣುಮಕ್ಕಳಿಗೆಂದೇ ಸೈನಿಕ ಶಾಲೆಯೊಂದು ೧೯೬೯ರಲ್ಲಿ ಹುಟ್ಟಿತು. ಅಲ್ಲಿನ ಹುಡುಗಿಯರು ಕವಾಯತು ಕಲಿತರು, ಕುದುರೆ ಏರಿದರು; ಖಡಕ್‌ವಾಸ್ಲಾದ ಪರೀಕ್ಷೆಗೆ ಅರ್ಜಿ ಹಾಕುವಂತಿರಲಿಲ್ಲ. ಪದವೀಧರೆಯರಿಗೆ ಮದರಾಸಿನ ತರಬೇತಿ ಅಕಾಡೆಮಿಯ ಬಾಗಿಲು ೧೯೯೨ರಲ್ಲಿ ತೆರೆಯಿತು, ಅದೂ ಅಲ್ಪಾವಧಿಯ ಸೇವೆಗೆ. ೨೦೨೧ರ ಆಗಸ್ಟ್ ೧೮ರಂದು ಸರ್ವೋಚ್ಚ ನ್ಯಾಯಾಲಯ ಹುಡುಗಿಯರನ್ನೂ ಪರೀಕ್ಷೆಗೆ ಕೂರಿಸಿರೆಂದು ಮಧ್ಯಂತರ ಆಜ್ಞೆ ಮಾಡಿತು. ಆ ವರ್ಷದ ನವೆಂಬರ್‌ನಲ್ಲಿ ಅವರು ಕುಳಿತರು. ಮೊದಲ ತಂಡದ ಹದಿನೇಳು ಮಂದಿ ೨೦೨೫ರ ಮೇ ೩೦ರಂದು ಖಡಕ್‌ವಾಸ್ಲಾದ ಕವಾಯತು ಮೈದಾನದಿಂದ ತೇರ್ಗಡೆಯಾಗಿ ಹೊರಬಂದರು.

ಎರಡು ದಿನವಾದ ಮೇಲೆ ಹುಡುಗಿ ಬಂದಳು. ಕಳೆದ ವರ್ಷ ನಾನು ಒಂದು ಷಟ್ಪದಿಗೆ ತಪ್ಪಾಗಿ ಪ್ರಸ್ತಾರ ಹಾಕಿ ಮುಂದೆ ಹೋಗಿದ್ದೆ. ಅರವತ್ತು ಮಂದಿಯಲ್ಲಿ ಅದನ್ನು ಕಂಡವಳು ಇವಳೊಬ್ಬಳೇ. ತರಗತಿ ಖಾಲಿಯಾಗುವವರೆಗೆ ಕಾದಿದ್ದು, “ಮೂರನೇ ಸಾಲಲ್ಲಿ ಒಂದು ಮಾತ್ರೆ ಹೆಚ್ಚಾಯ್ತು ಸಾರ್” ಎಂದಿದ್ದಳು. ಅದನ್ನೇ ನೆನಪಿಸಿದೆ. “ತಪ್ಪನ್ನು ಬಿಡುವವಳಲ್ಲ, ತಪ್ಪು ಮಾಡಿದವನನ್ನು ನಾಲ್ಕು ಜನರೆದುರು ಕುಗ್ಗಿಸುವವಳೂ ಅಲ್ಲ. ನನ್ನ ಅಭಿಪ್ರಾಯ ಇಷ್ಟೇನಮ್ಮ” ಎಂದೆ.

ಅವಳು ಅದನ್ನು ನೋಟ್‌ಪುಸ್ತಕದಲ್ಲಿ ಬರೆದುಕೊಂಡು, ಸ್ವಲ್ಪ ಹೊತ್ತು ನೋಡುತ್ತಿದ್ದು, “ಇದನ್ನ ಇಂಗ್ಲಿಷಲ್ಲಿ ಹ್ಯಾಗೆ ಹೇಳೋದು ಸಾರ್?” ಎಂದಳು. ಮೇಜಿನ ಎದುರಿಗೆ ಅವಳಿಗೊಂದು ಕುರ್ಚಿ ಎಳೆದು ಹಾಕಿ, ನಿಘಂಟನ್ನು ಕೆಳಗಿಳಿಸಿದೆ.