ಕೂಪನ್ ಎಣಿಸಿದವರ ತಲೆಬರಹ

ಜಾಹೀರಾತಿನ ತಲೆಬರಹದ ಚರಿತ್ರೆ ಎಂದರೆ ಮಾತಿನ ಚಮತ್ಕಾರ ಬಲ್ಲವರ ಕಥೆ ಎಂದುಕೊಳ್ಳುವುದೇ ರೂಢಿ. 20ನೇ ಶತಮಾನದ ಆರಂಭದ ಅಮೆರಿಕದ ಅಂಚೆ ವ್ಯಾಪಾರವನ್ನು ಗಮನಿಸಿದರೆ, ಅಲ್ಲಿ ತಲೆಬರಹವನ್ನು ತಿದ್ದಿದ್ದು ಲೆಕ್ಕದ ಪುಸ್ತಕ. ಜಾಹೀರಾತಿನ ಮೂಲೆಯಲ್ಲಿ ಕತ್ತರಿಸಿ ಕಳಿಸುವ ಕೂಪನ್, ಅದರ ಮೇಲೊಂದು ಗುಪ್ತ ಸಂಖ್ಯೆ. ಯಾವ ಪತ್ರಿಕೆಯ ಯಾವ ಜಾಹೀರಾತಿಗೆ ಎಷ್ಟು ಆರ್ಡರ್ ಬಂತೆಂಬುದು ಅದರಿಂದಲೇ ತಿಳಿಯುತ್ತಿತ್ತು. ಜಾಹೀರಾತು ಬರಹಗಾರ ಕ್ಲಾಡ್ ಹಾಪ್ಕಿನ್ಸ್ 1923ರಲ್ಲಿ ತಂದ ‘ಸೈಂಟಿಫಿಕ್ ಅಡ್ವರ್ಟೈಸಿಂಗ್’ ಕೃತಿಯ ಆಧಾರವೂ ಈ ಎಣಿಕೆಯೇ.

ಇದರ ಅತ್ಯಂತ ಸ್ಪಷ್ಟ ನಿದರ್ಶನ ಜಾಹೀರಾತು ಕಂಪನಿಯೊಂದರದಲ್ಲ, ಪುಸ್ತಕ ಪ್ರಕಾಶಕನೊಬ್ಬನದು. ಕ್ಯಾನ್ಸಸ್‌ನ ಗಿರಾರ್ಡ್ ಎಂಬ ಸಣ್ಣ ಊರಿನಿಂದ ಇಮ್ಯಾನ್ಯುಯೆಲ್ ಹಾಲ್ಡೆಮನ್-ಜೂಲಿಯಸ್ ತಲಾ 5 ಸೆಂಟಿನ ‘ಲಿಟಲ್ ಬ್ಲೂ ಬುಕ್ಸ್’ ಮಾಲೆಯನ್ನು ಅಂಚೆಯಲ್ಲಿ ಮಾರುತ್ತಿದ್ದ. ಜಾಹೀರಾತಿನಲ್ಲಿ ಬಹುಪಾಲು ಇರುತ್ತಿದ್ದುದು ಪುಸ್ತಕಗಳ ಹೆಸರು ಮತ್ತು ಸಂಖ್ಯೆಯ ಪಟ್ಟಿ. ಹಾಗಾಗಿ ಹೆಸರೇ ತಲೆಬರಹ, ಹೆಸರೇ ಸಂಪೂರ್ಣ ಜಾಹೀರಾತು. ವರ್ಷಕ್ಕೆ 10,000 ಪ್ರತಿ ಹೋಗದ ಪುಸ್ತಕ ‘ಆಸ್ಪತ್ರೆ’ ಸೇರುತ್ತಿತ್ತು. ಅಲ್ಲಿ ಅನೇಕ ಸಲ ಹೆಸರು ಬದಲಾಯಿಸುವುದೇ ಚಿಕಿತ್ಸೆ. ಫ್ರೆಂಚ್ ಲೇಖಕ ಗೋತಿಯೇನ ‘ಬಂಗಾರದ ಉಣ್ಣೆ’ ಎಂಬ ಕಥೆ 1925ರಲ್ಲಿ 6,000 ಪ್ರತಿ ಹೋಗಿತ್ತು. ‘ಹೊಂಗೂದಲಿನ ಪ್ರೇಯಸಿಯ ಅನ್ವೇಷಣೆ’ ಎಂಬರ್ಥದ ಹೆಸರು ಹೊತ್ತ ಮೇಲೆ 1926ರಲ್ಲಿ 50,000 ಪ್ರತಿ ಹೋಯಿತೆಂದು ಹಾಲ್ಡೆಮನ್-ಜೂಲಿಯಸನೇ 1928ರಲ್ಲಿ ಬರೆದಿದ್ದಾನೆ. ಇದನ್ನು ಬರೀ ಕಣ್ಕಟ್ಟು ಎಂದು ತಳ್ಳಿಹಾಕುವ ಮುನ್ನ ಕಥೆಯನ್ನು ಓದಬೇಕು: ರೂಬೆನ್ಸ್‌ನ ಚಿತ್ರಗಳಲ್ಲಿರುವಂಥ ಹೊಂಗೂದಲಿನ ಹೆಣ್ಣನ್ನು ಹುಡುಕಿಕೊಂಡು ಯುವಕನೊಬ್ಬ ಆಂಟ್‌ವರ್ಪ್‌ಗೆ ಹೋಗುವುದೇ ಅದರ ವಸ್ತು. ಹಳೆಯ ಹೆಸರು ಮುಚ್ಚಿಟ್ಟಿದ್ದನ್ನು ಹೊಸ ಹೆಸರು ನೇರವಾಗಿ ಹೇಳಿತು, ತುಸು ಖಾರ ಸೇರಿಸಿ. ಷೋಪೆನ್‌ಹಾವರನ ವಾದಕಲೆಯ ಪುಸ್ತಕವೂ ‘ತರ್ಕಬದ್ಧವಾಗಿ ವಾದಿಸುವುದು ಹೇಗೆ’ ಎಂದಾದ ಮೇಲೆಯೇ ಚೇತರಿಸಿಕೊಂಡಿತು. ಒಂದು ಆಕ್ಷೇಪ ಉಳಿಯುತ್ತದೆ. ಅಂಕಿಗಳು ಮಾರಾಟಗಾರನವೇ, ಹೋಲಿಸಿದ್ದು ಬೇರೆ ಬೇರೆ ವರ್ಷಗಳನ್ನು. ಕಟ್ಟುನಿಟ್ಟಾದ ಪ್ರಯೋಗ ಇದಲ್ಲ.

ಆ ಕಟ್ಟುನಿಟ್ಟಿಗೆ ಹಂಬಲಿಸಿದವನು ಜಾನ್ ಕೇಪಲ್ಸ್. ನೌಕಾ ಅಕಾಡೆಮಿಯಲ್ಲಿ ಓದಿ ಬಂದ ಈತ 1926ರಲ್ಲಿ, ರುಥ್ರಾಫ್ ಅಂಡ್ ರಯಾನ್ ಕಂಪನಿಯಲ್ಲಿ ಹೊಸಬನಾಗಿದ್ದಾಗಲೇ, ಅಂಚೆ ಮೂಲಕ ಸಂಗೀತ ಕಲಿಸುವ ಶಾಲೆಯೊಂದಕ್ಕೆ ಜಾಹೀರಾತು ಬರೆದ. ಪಿಯಾನೋ ಮುಂದೆ ಕೂತವನನ್ನು ಕಂಡು ಗೆಳೆಯರು ನಗುತ್ತಾರೆ, ಅವನು ನುಡಿಸಲು ತೊಡಗುತ್ತಾನೆ—ತಲೆಬರಹ ಅಷ್ಟಕ್ಕೇ ನಿಲ್ಲುತ್ತದೆ. ಮುಂದೇನಾಯಿತೆಂದು ತಿಳಿಯಬೇಕಾದರೆ ಕೆಳಗಿನದನ್ನು ಓದಲೇಬೇಕು. ಅವಮಾನದ ಭಯ, ಅದನ್ನು ಗೆಲ್ಲುವ ಆಸೆ ಎರಡೂ ಒಂದೇ ವಾಕ್ಯದಲ್ಲಿವೆ. ಪಾಠ, ಶುಲ್ಕದ ಸುದ್ದಿಯೇ ಇಲ್ಲ. ಮುಂದೆ 1932ರ ‘ಟೆಸ್ಟೆಡ್ ಅಡ್ವರ್ಟೈಸಿಂಗ್ ಮೆಥಡ್ಸ್’ ಕೃತಿಯಲ್ಲಿ ಅವನು ಇಂಥ ಪರೀಕ್ಷೆಗಳನ್ನೇ ಪಾಠವಾಗಿ ಜೋಡಿಸಿದ.

1930ರ ದಶಕದಲ್ಲಿ ಡೇನಿಯಲ್ ಸ್ಟಾರ್ಚ್, ಜಾರ್ಜ್ ಗ್ಯಾಲಪ್ ಓದುಗರ ಸಮೀಕ್ಷೆ ನಡೆಸತೊಡಗಿದಾಗ ಎಣಿಸುವ ವಸ್ತುವೇ ಬದಲಾಯಿತು: ಕೊಂಡವರ ಬದಲು ಓದಿದವರು. ಗ್ಯಾಲಪ್ ಬಳಿ ದುಡಿದ ಜಾಹೀರಾತು ಬರಹಗಾರ ಡೇವಿಡ್ ಓಗಿಲ್ವಿ, ಒಳಬರಹಕ್ಕಿಂತ ತಲೆಬರಹವನ್ನು ಐದು ಪಟ್ಟು ಜನ ಓದುತ್ತಾರೆಂದು 1963ರಲ್ಲಿ ಬರೆದಿದ್ದು ಈ ಬಗೆಯ ಲೆಕ್ಕ. ಜನ ಇಂದಿಗೂ ಉಲ್ಲೇಖಿಸುವ ಆ ಮಾತು ಮಾರಾಟದ ಬಗ್ಗೆ ಏನನ್ನೂ ಹೇಳುವುದಿಲ್ಲ. ಗಂಟೆಗೆ 60 ಮೈಲಿ ವೇಗದಲ್ಲೂ ರೋಲ್ಸ್-ರಾಯ್ಸ್ ಕಾರಿನೊಳಗೆ ಅತಿ ಜೋರಾಗಿ ಕೇಳುವುದು ವಿದ್ಯುತ್ ಗಡಿಯಾರದ ಸದ್ದು ಎಂಬ ಓಗಿಲ್ವಿಯ 1958ರ ತಲೆಬರಹವಾದರೂ ಕಲ್ಪನೆಯಲ್ಲ, ಮೋಟಾರು ಪತ್ರಿಕೆಯೊಂದರ ತಾಂತ್ರಿಕ ಸಂಪಾದಕನ ಮಾತು. 1933ರಲ್ಲೇ ಪಿಯರ್ಸ್-ಆ್ಯರೋ ಕಾರಿನ ಜಾಹೀರಾತು ಹೆಚ್ಚುಕಡಿಮೆ ಇದನ್ನೇ ಹೇಳಿತ್ತು. ಆದರೆ ಆ ಮಾತು ಕಂಪನಿಯನ್ನು ಉಳಿಸಲಿಲ್ಲ; 1938ರ ಹೊತ್ತಿಗೆ ಅದು ಬಾಗಿಲು ಹಾಕಿತು.