ಕಂಗ್ಯೂರ್ ಮತ್ತು ತೆಂಗ್ಯೂರ್‌ಗಳ ಡಿಜಿಟಲ್ ರೂಪಗಳು

ಕಂಗ್ಯೂರ್ ಮತ್ತು ತೆಂಗ್ಯೂರ್ ಟಿಬೆಟಿಯನ್ ಬೌದ್ಧರ ಎರಡು ಮಹಾ ಗ್ರಂಥಸಂಗ್ರಹಗಳು. ಇವು ಬಹುಮಟ್ಟಿಗೆ ಸಂಸ್ಕೃತದಿಂದ ಟಿಬೆಟಿಯನ್ ಭಾಷೆಗೆ ಅನುವಾದಗೊಂಡ ಕೃತಿಗಳ ಸಂಕಲನಗಳಾಗಿವೆ. ಕರ್ನಾಟಕದಲ್ಲಿ ಉತ್ತರ ಕನ್ನಡ ಜಿಲ್ಲೆಯ ಮುಂಡಗೋಡ ಹಾಗೂ ಮೈಸೂರು ಜಿಲ್ಲೆಯ ಬೈಲುಕುಪ್ಪೆಯ ಟಿಬೆಟಿಯನ್ ಮಠಗಳಲ್ಲಿ ಇವುಗಳ ಪಠಣ ಮತ್ತು ಅಧ್ಯಯನ ನಡೆಯುತ್ತದೆ. 1980ರ ದಶಕದಿಂದ ಈಚೆಗೆ ಈ ಸಂಗ್ರಹಗಳು ಪುಟಗಳ ಛಾಯಾಚಿತ್ರ, ಬೆರಳಚ್ಚಿಸಿದ ಪಠ್ಯ ಹಾಗೂ ಆಧುನಿಕ ಭಾಷೆಗಳ ಅನುವಾದ ಎಂಬ ಮೂರು ಬಗೆಗಳಲ್ಲಿ ಗಣಕಯಂತ್ರಕ್ಕೆ ಬಂದಿವೆ. ಈ ಲೇಖನವು ಆ ರೂಪಗಳನ್ನೂ, ಅವುಗಳಲ್ಲಿ ಒಂದು ಗ್ರಂಥವನ್ನು ಹುಡುಕುವ ಕ್ರಮವನ್ನೂ ವಿವರಿಸುತ್ತದೆ.

ಹೆಸರು ಮತ್ತು ಸ್ವರೂಪ

‘ಕಂಗ್ಯೂರ್’ ಎಂದರೆ ಅನುವಾದಿತ ವಚನ. ‘ತೆಂಗ್ಯೂರ್’ ಎಂದರೆ ಅನುವಾದಿತ ಶಾಸ್ತ್ರ. ಮೊದಲನೆಯದರಲ್ಲಿ ಬುದ್ಧವಚನವೆಂದು ಪರಂಪರೆಯು ಒಪ್ಪಿದ ವಿನಯ, ಪ್ರಜ್ಞಾಪಾರಮಿತಾ, ಸೂತ್ರ ಮತ್ತು ತಂತ್ರ ಗ್ರಂಥಗಳಿವೆ. ಎರಡನೆಯದರಲ್ಲಿ ನಾಗಾರ್ಜುನ, ಅಸಂಗ, ವಸುಬಂಧು, ದಿಙ್ನಾಗ, ಧರ್ಮಕೀರ್ತಿ ಮೊದಲಾದ ಭಾರತೀಯ ಆಚಾರ್ಯರ ಶಾಸ್ತ್ರಗ್ರಂಥಗಳೂ ವ್ಯಾಖ್ಯಾನಗಳೂ ಇವೆ. ಆವೃತ್ತಿಗೆ ತಕ್ಕಂತೆ ಕಂಗ್ಯೂರ್ ನೂರರ ಆಸುಪಾಸಿನ ಸಂಪುಟಗಳಲ್ಲಿಯೂ, ತೆಂಗ್ಯೂರ್ ಇನ್ನೂರಕ್ಕೂ ಹೆಚ್ಚು ಸಂಪುಟಗಳಲ್ಲಿಯೂ ಹರಡಿಕೊಂಡಿದೆ.

ತೆಂಗ್ಯೂರ್‌ನಲ್ಲಿ ಬೌದ್ಧ ದರ್ಶನದ ಹೊರಗಿನ ಕೃತಿಗಳೂ ಸೇರಿವೆ. ಅಮರಕೋಶ, ವಾಗ್ಭಟನ ಅಷ್ಟಾಂಗಹೃದಯ, ಕಾಳಿದಾಸನ ಮೇಘದೂತ ಮತ್ತು ದಂಡಿಯ ಕಾವ್ಯಾದರ್ಶ ಇವುಗಳಿಗೆ ಉದಾಹರಣೆ. ಕನ್ನಡದ ಕವಿರಾಜಮಾರ್ಗಕ್ಕೆ ಬಹುಮಟ್ಟಿಗೆ ಆಧಾರವಾದ ಕಾವ್ಯಾದರ್ಶವು 13ನೆಯ ಶತಮಾನದಲ್ಲಿ ಟಿಬೆಟಿಯನ್ ಭಾಷೆಗೆ ಅನುವಾದಗೊಂಡು, ಅಲ್ಲಿಯೂ ಅಲಂಕಾರಶಾಸ್ತ್ರಕ್ಕೆ ಮೂಲಗ್ರಂಥವಾಯಿತು.

ಅನುವಾದದ ಮಹತ್ವ

ಟಿಬೆಟಿನಲ್ಲಿ ವ್ಯವಸ್ಥಿತ ಅನುವಾದ ಕಾರ್ಯವು 8ನೆಯ ಶತಮಾನದ ಉತ್ತರಾರ್ಧದಲ್ಲಿ, ಸಮ್ಯೆ ಮಠದ ಸ್ಥಾಪನೆಯ ಕಾಲದಲ್ಲಿ ಆರಂಭವಾಯಿತು. ಭಾರತೀಯ ಪಂಡಿತನೊಬ್ಬನೂ ‘ಲೋಟ್ಸಾವ’ ಎಂದು ಕರೆಯಲಾಗುವ ಟಿಬೆಟಿಯನ್ ಅನುವಾದಕನೊಬ್ಬನೂ ಜೊತೆಯಾಗಿ ಕುಳಿತು ಅನುವಾದಿಸುವುದು ರೂಢಿಯಾಗಿತ್ತು. ಪರಿಭಾಷೆಯಲ್ಲಿ ಏಕರೂಪತೆ ತರಲು 9ನೆಯ ಶತಮಾನದ ಆರಂಭದಲ್ಲಿ ‘ಮಹಾವ್ಯುತ್ಪತ್ತಿ’ ಎಂಬ ಸಂಸ್ಕೃತ–ಟಿಬೆಟಿಯನ್ ಪದಕೋಶವು ಸಿದ್ಧವಾಯಿತು. ಈ ಶಿಸ್ತಿನಿಂದಾಗಿ ಟಿಬೆಟಿಯನ್ ಅನುವಾದಗಳು ಮೂಲಕ್ಕೆ ಅತಿ ಸಮೀಪವಾಗಿವೆ.

ಭಾರತದಲ್ಲಿ ಬೌದ್ಧ ವಿಹಾರಗಳು ನಾಶವಾದ ಬಳಿಕ ಅನೇಕ ಸಂಸ್ಕೃತ ಮೂಲಗಳು ಕಳೆದುಹೋದವು. ಅಂತಹ ಗ್ರಂಥಗಳಿಗೆ ಟಿಬೆಟಿಯನ್ ಅನುವಾದವೇ ಆಧಾರ. ಕೆಲವಕ್ಕೆ ಅದರೊಂದಿಗೆ ಚೀನೀ ಅನುವಾದವೂ ಇದೆ. ವಿಮಲಕೀರ್ತಿನಿರ್ದೇಶದ ಪೂರ್ಣ ಸಂಸ್ಕೃತ ಪಾಠವು 1999ರಲ್ಲಿ ಲಾಸಾದ ಪೊಟಾಲಾ ಅರಮನೆಯಲ್ಲಿ ದೊರೆಯುವವರೆಗೆ ಆ ಸೂತ್ರವು ಅನುವಾದಗಳ ಮೂಲಕವೇ ಪರಿಚಿತವಾಗಿತ್ತು. ದಿಙ್ನಾಗನ ಪ್ರಮಾಣಸಮುಚ್ಚಯದ ಸಂಸ್ಕೃತ ಮೂಲವೂ ದೊರೆಯದೆ ಇದ್ದುದರಿಂದ, ಎಚ್. ಆರ್. ರಂಗಸ್ವಾಮಿ ಅಯ್ಯಂಗಾರ್ ಅವರು ಅದರ ಮೊದಲ ಪರಿಚ್ಛೇದವನ್ನು ಟಿಬೆಟಿಯನ್ ಅನುವಾದದ ನೆರವಿನಿಂದ ಸಂಸ್ಕೃತಕ್ಕೆ ಪುನಾರಚಿಸಿ 1930ರಲ್ಲಿ ಮೈಸೂರಿನಿಂದ ಪ್ರಕಟಿಸಿದರು. ಟಿಬೆಟಿಯನ್ ಪಾಠವೊಂದು ಉಳಿಯುವುದು ಅಥವಾ ಅಳಿಯುವುದು ಭಾರತೀಯ ಗ್ರಂಥವೊಂದರ ಅಳಿವು ಉಳಿವಿನ ಪ್ರಶ್ನೆಯೂ ಆಗಿದೆಯೆಂಬುದನ್ನು ಇಂತಹ ಉದಾಹರಣೆಗಳು ತೋರಿಸುತ್ತವೆ.

ಮರದಚ್ಚಿನ ಆವೃತ್ತಿಗಳು

ಕಂಗ್ಯೂರ್ ಮೊದಲು ಹಸ್ತಪ್ರತಿಗಳ ರೂಪದಲ್ಲಿತ್ತು. 1410ರಲ್ಲಿ ಚೀನಾದ ಮಿಂಗ್ ಚಕ್ರವರ್ತಿ ಯೊಂಗ್ಲೆಯ ಆಶ್ರಯದಲ್ಲಿ ಅದರ ಮೊದಲ ಮುದ್ರಣವಾಯಿತು. ಪೂರ್ವ ಟಿಬೆಟಿನ ದೆರ್ಗೆ ಸಂಸ್ಥಾನದಲ್ಲಿ ಅರಸ ತೆನ್ಪಾ ತ್ಸೆರಿಂಗ್‌ನ ಆಶ್ರಯದಲ್ಲಿ, ಸಿತು ಪಂಛೇನ್ ಅವರ ಸಂಪಾದಕತ್ವದಲ್ಲಿ 1729ರಿಂದ 1733ರವರೆಗೆ ಕಂಗ್ಯೂರ್‌ನ ಅಚ್ಚುಗಳನ್ನು ಕೆತ್ತಲಾಯಿತು. ದೆರ್ಗೆ ತೆಂಗ್ಯೂರ್ 1737ರಿಂದ 1744ರ ಅವಧಿಯಲ್ಲಿ ಸಿದ್ಧವಾಯಿತು. ಪೀಕಿಂಗ್, ನಾರ್ಥಂಗ್ ಮತ್ತು ಲಾಸಾ ಆವೃತ್ತಿಗಳು ಇತರ ಮುಖ್ಯ ಮುದ್ರಣಗಳು.

ಚೀನಾದ ಸಾಂಸ್ಕೃತಿಕ ಕ್ರಾಂತಿಯ ಕಾಲದಲ್ಲಿ ನಾರ್ಥಂಗ್ ಮಠದ ಅಚ್ಚುಗಳು ನಾಶವಾದವು. ದೆರ್ಗೆಯ ಅಚ್ಚುಗಳು ಅಲ್ಲಿನ ಮುದ್ರಣಾಲಯದಲ್ಲಿ ಇಂದಿಗೂ ಉಳಿದಿವೆ. ದೆರ್ಗೆ ಕಂಗ್ಯೂರ್ 16ನೆಯ ಕರ್ಮಾಪಾ ಅವರ ಪ್ರೇರಣೆಯಿಂದ 1976–79ರಲ್ಲಿ ದೆಹಲಿಯಲ್ಲಿ ಮರುಮುದ್ರಣಗೊಂಡಿತು. ಇಂದು ಜಾಲತಾಣಗಳಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವ ದೆರ್ಗೆ ಕಂಗ್ಯೂರ್ ಪುಟಚಿತ್ರಗಳು ಈ ದೆಹಲಿ ಮುದ್ರಣದವು.

ಮುಂಡಗೋಡ ಮತ್ತು ಬೈಲುಕುಪ್ಪೆ

1959ರ ಬಳಿಕ ಟಿಬೆಟಿನಿಂದ ಬಂದ ಭಿಕ್ಷುಗಳಲ್ಲಿ ಅನೇಕರು ಪಶ್ಚಿಮ ಬಂಗಾಳದ ಬಕ್ಸಾದಲ್ಲಿ ಕೆಲವು ವರ್ಷ ಆಶ್ರಯ ಪಡೆದಿದ್ದರು. ಮುಂಡಗೋಡ ತಾಲ್ಲೂಕಿನಲ್ಲಿ ಡೊಯೆಗುಲಿಂಗ್ ಎಂಬ ಟಿಬೆಟಿಯನ್ ವಸತಿಯು 1966ರಲ್ಲಿ ಸ್ಥಾಪನೆಯಾಯಿತು. ಮುಂದಿನ ಕೆಲವೇ ವರ್ಷಗಳಲ್ಲಿ ಲಾಸಾ ಸಮೀಪದ ಮೂರು ದೊಡ್ಡ ಮಠಗಳಲ್ಲಿ ಎರಡು, ಅಂದರೆ ಗಾಂಡೆನ್ (ಸ್ಥಾಪನೆ 1409) ಮತ್ತು ಡ್ರೆಪುಂಗ್ (1416), ಇಲ್ಲಿ ಪುನಃ ಸ್ಥಾಪಿತವಾದವು. ಸ್ಥಳೀಯರು ಇವುಗಳ ನೆಲೆಗಳನ್ನು ‘ಲಾಮಾ ಕ್ಯಾಂಪ್’ ಎಂದು ಕರೆಯುತ್ತಾರೆ. ಮೂರನೆಯದಾದ ಸೆರಾ ಮಠವು (1419) ಬೈಲುಕುಪ್ಪೆಯಲ್ಲಿ ನೆಲೆಗೊಂಡಿತು.

ಈ ಮಠಗಳಲ್ಲಿ ಗೆಶೆ ಪದವಿಗಾಗಿ ಹಲವು ವರ್ಷ ನಡೆಯುವ ವ್ಯಾಸಂಗಕ್ಕೆ ಐದು ಭಾರತೀಯ ಗ್ರಂಥಗಳು ಬುನಾದಿ: ಧರ್ಮಕೀರ್ತಿಯ ಪ್ರಮಾಣವಾರ್ತಿಕ, ಅಭಿಸಮಯಾಲಂಕಾರ, ಚಂದ್ರಕೀರ್ತಿಯ ಮಧ್ಯಮಕಾವತಾರ, ವಸುಬಂಧುವಿನ ಅಭಿಧರ್ಮಕೋಶ ಮತ್ತು ಗುಣಪ್ರಭನ ವಿನಯಸೂತ್ರ. ಐದೂ ತೆಂಗ್ಯೂರ್‌ನಲ್ಲಿವೆ. ಹೀಗಾಗಿ ಮುಂಡಗೋಡದ ಮಠಗಳ ಅಂಗಳದಲ್ಲಿ ಕೈತಟ್ಟಿ ನಡೆಸುವ ಶಾಸ್ತ್ರವಾದಗಳಿಗೆ ಈ ಸಂಗ್ರಹವು ಜೀವಂತ ಪಠ್ಯವಾಗಿದೆ. ಮಠಗಳಲ್ಲಿ ಗ್ರಂಥಗಳನ್ನು ಹೊಲಿಯದ ನೀಳ ಹಾಳೆಗಳಾಗಿ, ಬಟ್ಟೆಯಲ್ಲಿ ಸುತ್ತಿ ಇರಿಸುತ್ತಾರೆ. ಇಂತಹ ಪುಸ್ತಕಕ್ಕೆ ‘ಪೆಚಾ’ ಎಂದು ಹೆಸರು.

ಗಣಕೀಕರಣದ ಆರಂಭದ ಹಂತವೊಂದು ಕರ್ನಾಟಕದಲ್ಲಿಯೇ ನಡೆಯಿತು. 1980ರ ದಶಕದ ಕೊನೆಯಲ್ಲಿ ಆರಂಭವಾದ ‘ಏಷ್ಯನ್ ಕ್ಲಾಸಿಕ್ಸ್ ಇನ್‌ಪುಟ್ ಪ್ರಾಜೆಕ್ಟ್’ ಎಂಬ ಯೋಜನೆಯು ಬೈಲುಕುಪ್ಪೆಯ ಸೆರಾ ಮೇ ಮಠದಲ್ಲಿ ಬೆರಳಚ್ಚು ಕೇಂದ್ರವನ್ನು ನಡೆಸಿತು. ಟಿಬೆಟಿಯನ್ ಲಿಪಿಯನ್ನು ಗಣಕದಲ್ಲಿ ನೇರವಾಗಿ ಬರೆಯುವುದು ಸುಲಭವಿಲ್ಲದ ಆ ಕಾಲದಲ್ಲಿ ಗ್ರಂಥಗಳನ್ನು ರೋಮನ್ ಅಕ್ಷರಗಳಲ್ಲಿ ಬೆರಳಚ್ಚಿಸಿ, ಉಚಿತವಾಗಿ ಹಂಚಲಾಯಿತು.

ಡಿಜಿಟಲ್ ರೂಪದ ಮೂರು ಬಗೆಗಳು

ಪುಟಚಿತ್ರಗಳು: ಅಮೆರಿಕದ ‘ಬುದ್ಧಿಸ್ಟ್ ಡಿಜಿಟಲ್ ರಿಸೋರ್ಸ್ ಸೆಂಟರ್’ (ಬಿ.ಡಿ.ಆರ್.ಸಿ.) ಇವುಗಳ ಪ್ರಮುಖ ಭಂಡಾರ. 1968ರಿಂದ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನ ದೆಹಲಿ ಕಚೇರಿಯಲ್ಲಿ ಕೆಲಸ ಮಾಡಿ, ನಿರಾಶ್ರಿತರು ತಂದ ಟಿಬೆಟಿಯನ್ ಗ್ರಂಥಗಳ ಮುದ್ರಣಕ್ಕೆ ನೆರವಾದ ಇ. ಜೀನ್ ಸ್ಮಿತ್ (1936–2010) ಅವರು 1999ರಲ್ಲಿ ಇದನ್ನು ಬೇರೊಂದು ಹೆಸರಿನಲ್ಲಿ ಸ್ಥಾಪಿಸಿದರು. ಇಲ್ಲಿ ಕಂಗ್ಯೂರ್ ಮತ್ತು ತೆಂಗ್ಯೂರ್‌ಗಳ ಹಲವು ಆವೃತ್ತಿಗಳ ಪುಟಗಳನ್ನು ನೋಡಬಹುದು. ಚಿತ್ರವು ಅಚ್ಚನ್ನು ಇದ್ದಂತೆಯೇ ತೋರಿಸುತ್ತದೆ. ಆದರೆ ಚಿತ್ರದೊಳಗಿನ ಪದವನ್ನು ಹುಡುಕಲಾಗದು.

ಬೆರಳಚ್ಚಿಸಿದ ಪಠ್ಯ: ಇದರಲ್ಲಿ ಪದವನ್ನು ಹುಡುಕಬಹುದು, ನಕಲಿಸಬಹುದು, ಬೇರೆ ಪಾಠದೊಂದಿಗೆ ಹೋಲಿಸಬಹುದು. ಎಸುಖಿಯಾ ಸಂಸ್ಥೆಯು ಸಿದ್ಧಪಡಿಸಿದ ದೆರ್ಗೆ ಕಂಗ್ಯೂರ್‌ನ ಪಠ್ಯವು ‘ಗಿಟ್‌ಹಬ್’ ತಾಣದಲ್ಲಿ ಮುಕ್ತವಾಗಿ ದೊರೆಯುತ್ತದೆ. ಬೆರಳಚ್ಚಿನಲ್ಲಿ ತಪ್ಪು ನುಸುಳುವುದು ಸಹಜ. ಟಿಬೆಟಿಯನ್ ಲಿಪಿಯಲ್ಲಿ ಪ ಮತ್ತು ಬ, ದ ಮತ್ತು ಙ ಅಕ್ಷರಗಳು ಬಹಳ ಹೋಲುತ್ತವೆ. ಅಚ್ಚು ಸವೆದಿದ್ದರೆ ಒಂದನ್ನು ಇನ್ನೊಂದೆಂದು ಓದುವ ಸಾಧ್ಯತೆಯಿದೆ. ಈ ಕಾರಣದಿಂದ ಪಠ್ಯದೊಳಗೆ ಮೂಲದ ಹಾಳೆ ಮತ್ತು ಮಗ್ಗುಲಿನ ಸಂಖ್ಯೆಯನ್ನು ನಮೂದಿಸುತ್ತಾರೆ. ಸಂದೇಹ ಬಂದಾಗ ಓದುಗನು ಆ ಸಂಖ್ಯೆಯ ಪುಟಚಿತ್ರಕ್ಕೆ ಮರಳಿ ಪರಿಶೀಲಿಸಬಹುದು.

ಆಧುನಿಕ ಅನುವಾದ: ಹಿಮಾಚಲ ಪ್ರದೇಶದ ಬೀರ್‌ನಲ್ಲಿ 2009ರಲ್ಲಿ ನಡೆದ ಅನುವಾದಕರ ಸಮ್ಮೇಳನದ ಫಲವಾಗಿ ‘84000’ ಎಂಬ ಸಂಸ್ಥೆಯು ರೂಪುಗೊಂಡಿತು. ಕಂಗ್ಯೂರನ್ನು 25 ವರ್ಷಗಳಲ್ಲಿ, ತೆಂಗ್ಯೂರನ್ನು 100 ವರ್ಷಗಳಲ್ಲಿ ಇಂಗ್ಲಿಷಿಗೆ ತರುವುದು ಅದರ ಗುರಿ. ಮುಗಿದ ಅನುವಾದಗಳನ್ನು ಅದರ ಜಾಲತಾಣದಲ್ಲಿ ಉಚಿತವಾಗಿ ಓದಬಹುದು.

ಲಿಪಿ ಮತ್ತು ಯುನಿಕೋಡ್

ಟಿಬೆಟಿಯನ್ ಲಿಪಿಯು ಕನ್ನಡದಂತೆಯೇ ಬ್ರಾಹ್ಮೀ ಮೂಲದ್ದು. ಕನ್ನಡದ ಒತ್ತಕ್ಷರಗಳಂತೆ ಅಲ್ಲಿಯೂ ವ್ಯಂಜನಗಳು ಒಂದರ ಕೆಳಗೊಂದು ಸೇರುತ್ತವೆ. ಯುನಿಕೋಡ್‌ನ ಮೊದಲ ಆವೃತ್ತಿಯಲ್ಲಿದ್ದ ಟಿಬೆಟಿಯನ್ ವಿಭಾಗವನ್ನು ಕೈಬಿಟ್ಟು, 1996ರ 2.0 ಆವೃತ್ತಿಯಲ್ಲಿ ಹೊಸ ಕ್ರಮದಲ್ಲಿ ಸೇರಿಸಲಾಯಿತು. ಅದಕ್ಕೆ ಮೊದಲಿನ ಕಡತಗಳು ಬೇರೆ ಬೇರೆ ಫಾಂಟ್‌ಗಳಲ್ಲಿ ಅಥವಾ ರೋಮನ್ ಲಿಪ್ಯಂತರದಲ್ಲಿ ಇರುವುದರಿಂದ ಅವುಗಳನ್ನು ಯುನಿಕೋಡ್‌ಗೆ ಪರಿವರ್ತಿಸಿ ಬಳಸಬೇಕಾಗುತ್ತದೆ. 1959ರಲ್ಲಿ ಟರೆಲ್ ವೈಲಿ ಪ್ರಕಟಿಸಿದ ಲಿಪ್ಯಂತರ ಕ್ರಮವು ಇಂದು ಹೆಚ್ಚು ಬಳಕೆಯಲ್ಲಿದೆ.

ಹುಡುಕುವವರು ಎರಡು ಸಂಗತಿಗಳನ್ನು ಗಮನಿಸಬೇಕು. ಮೊದಲನೆಯದಾಗಿ, ಟಿಬೆಟಿಯನ್ ಬರಹಕ್ಕೂ ಉಚ್ಚಾರಣೆಗೂ ಅಂತರವಿದೆ. ಕಂಗ್ಯೂರ್ ಎಂಬ ಪದದ ಬರಹವೇ ಉಚ್ಚರಿಸದ ‘ಬ’ ಅಕ್ಷರದಿಂದ ಆರಂಭವಾಗುತ್ತದೆ. ಕಿವಿಗೆ ಕೇಳಿದಂತೆ ಬರೆದು ಹುಡುಕಿದರೆ ಫಲಿತಾಂಶ ದೊರೆಯದಿರಬಹುದು. ಎರಡನೆಯದಾಗಿ, ಈ ಬರಹದಲ್ಲಿ ಪದಗಳ ನಡುವೆ ಜಾಗ ಬಿಡುವ ಪದ್ಧತಿಯಿಲ್ಲ. ಪ್ರತಿ ಉಚ್ಚಾರಾಂಶದ ನಂತರ ‘ತ್ಸೆಗ್’ ಎಂಬ ಚುಕ್ಕೆ ಬರುತ್ತದೆ. ಆ ಚುಕ್ಕೆ ಬಿಟ್ಟುಹೋದರೆ ಹುಡುಕಾಟ ವಿಫಲವಾಗಬಹುದು.

ಗ್ರಂಥವನ್ನು ಹುಡುಕುವ ಕ್ರಮ

ಜಪಾನಿನ ತೊಹೊಕು ವಿಶ್ವವಿದ್ಯಾಲಯವು 1934ರಲ್ಲಿ ಪ್ರಕಟಿಸಿದ ದೆರ್ಗೆ ಸಂಗ್ರಹದ ಸೂಚಿಯು ಪ್ರತಿ ಕೃತಿಗೂ ಒಂದು ಸಂಖ್ಯೆಯನ್ನು ನೀಡಿದೆ. 1ರಿಂದ 1108ರವರೆಗಿನವು ಕಂಗ್ಯೂರ್‌ಗೆ, 1109ರಿಂದ ಮುಂದಿನವು ತೆಂಗ್ಯೂರ್‌ಗೆ ಸೇರಿವೆ. ಲಲಿತವಿಸ್ತರದ ಸಂಖ್ಯೆ 95, ವಿಮಲಕೀರ್ತಿನಿರ್ದೇಶದ್ದು 176, ಪ್ರಮಾಣಸಮುಚ್ಚಯದ್ದು 4203, ಕಾವ್ಯಾದರ್ಶದ್ದು 4301. ಸಾಮಾನ್ಯವಾಗಿ ಹುಡುಕಾಟವು ಈ ಹಂತಗಳಲ್ಲಿ ಸಾಗುತ್ತದೆ:

1. ಗ್ರಂಥದ ಸಂಸ್ಕೃತ ಶೀರ್ಷಿಕೆಯಿಂದ ತೊಹೊಕು ಸಂಖ್ಯೆಯನ್ನು ತಿಳಿಯುವುದು. 84000ರ ಸೂಚಿಯೂ ವಿಯೆನ್ನಾ ವಿಶ್ವವಿದ್ಯಾಲಯದ ಕಂಗ್ಯೂರ್–ತೆಂಗ್ಯೂರ್ ದತ್ತಕೋಶವೂ ಇದಕ್ಕೆ ನೆರವಾಗುತ್ತವೆ.
2. ಆ ಸಂಖ್ಯೆಯ ಕೃತಿಗೆ ಪ್ರಕಟಿತ ಅನುವಾದವಿದೆಯೇ ಎಂದು ನೋಡುವುದು.
3. ಬೆರಳಚ್ಚಿಸಿದ ಪಠ್ಯದಲ್ಲಿ ಬೇಕಾದ ಭಾಗವನ್ನು ಗುರುತಿಸಿ, ಹಾಳೆಯ ಸಂಖ್ಯೆಯನ್ನು ಬರೆದುಕೊಳ್ಳುವುದು.
4. ಅದೇ ಹಾಳೆಯ ಪುಟಚಿತ್ರದೊಂದಿಗೆ ತಾಳೆ ನೋಡುವುದು.
5. ಕೃತಿಯ ಕೊನೆಯ ಸಮಾಪ್ತಿವಾಕ್ಯದಲ್ಲಿ ಅನುವಾದಕರ ಹೆಸರನ್ನು ಪರಿಶೀಲಿಸುವುದು.

ಆವೃತ್ತಿಯನ್ನು ನಮೂದಿಸದೆ ‘ಟಿಬೆಟಿಯನ್ ಪಾಠ’ ಎಂದಷ್ಟೇ ಉಲ್ಲೇಖಿಸುವುದು ಸಾಲದು. ಪ್ರಮಾಣಸಮುಚ್ಚಯದ ಮೇಲೆ ದಿಙ್ನಾಗನೇ ಬರೆದ ವೃತ್ತಿಗೆ ಎರಡು ಟಿಬೆಟಿಯನ್ ಅನುವಾದಗಳಿವೆ. ಪೀಕಿಂಗ್ ಆವೃತ್ತಿಯಲ್ಲಿ ಎರಡೂ ಇವೆ. ದೆರ್ಗೆಯಲ್ಲಿ ಒಂದು ಮಾತ್ರ ಇದೆ. ದೆರ್ಗೆಯ ಪಠ್ಯವನ್ನಷ್ಟೇ ಹುಡುಕಿದವರಿಗೆ ಇನ್ನೊಂದು ಅನುವಾದ ಇರುವುದೇ ತಿಳಿಯುವುದಿಲ್ಲ.

ಬಳಕೆಯ ಹಕ್ಕು ಮತ್ತು ನಿರ್ಬಂಧಗಳು

ಮೂಲ ಗ್ರಂಥಗಳು ಅತಿ ಪ್ರಾಚೀನವಾದುದರಿಂದ ಅವುಗಳಿಗೆ ಕೃತಿಸ್ವಾಮ್ಯವಿಲ್ಲ. ಹೊಸ ಅನುವಾದಗಳ ಸ್ಥಿತಿ ಬೇರೆ. 84000ರ ಅನುವಾದಗಳು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಪ್ರಕಟವಾಗಿದ್ದರೂ, ಅದು ವಾಣಿಜ್ಯ ಬಳಕೆಗೂ ಮಾರ್ಪಡಿಸಿದ ರೂಪಗಳ ಪ್ರಕಟಣೆಗೂ ಅವಕಾಶ ನೀಡುವುದಿಲ್ಲ. ಆದುದರಿಂದ ಅವುಗಳನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ಅನುವಾದಿಸಿ ಪ್ರಕಟಿಸಲು ಅನುಮತಿ ಬೇಕಾಗುತ್ತದೆ. ಟಿಬೆಟಿಯನ್ ಮೂಲದಿಂದಲೇ ನೇರವಾಗಿ ಅನುವಾದಿಸುವವರಿಗೆ ಈ ತೊಡಕಿಲ್ಲ.

ತಂತ್ರಗ್ರಂಥಗಳ ವಿಷಯದಲ್ಲಿ ಪರಂಪರೆಯ ನಿರ್ಬಂಧವೂ ಇದೆ. ಇವುಗಳನ್ನು ಗುರುವಿನಿಂದ ಅಧಿಕಾರ ಪಡೆದವರು ಮಾತ್ರ ಓದಬೇಕೆಂಬುದು ಮಠಗಳ ನಿಯಮ. ಜಾಲತಾಣದಲ್ಲಿ ಯಾರಿಗೂ ತೆರೆದಿರುವ ಗ್ರಂಥಕ್ಕೂ ಈ ನಿಯಮಕ್ಕೂ ಹೊಂದಾಣಿಕೆಯಾಗಿ, 84000ರ ತಾಣವು ಇಂತಹ ಕೃತಿಗಳ ಮೊದಲಲ್ಲಿ ಎಚ್ಚರಿಕೆಯ ಸೂಚನೆಯನ್ನು ನೀಡಿ, ಓದುವ ನಿರ್ಧಾರವನ್ನು ಓದುಗರಿಗೆ ಬಿಡುತ್ತದೆ.

ಇತರ ಪರಂಪರೆಗಳೊಂದಿಗೆ ಹೋಲಿಕೆ

ಅನುವಾದವೇ ಮೂಲದ ಅಧ್ಯಯನಕ್ಕೆ ಆಧಾರವಾಗುವ ಇನ್ನೊಂದು ಉದಾಹರಣೆ ಈಜಿಪ್ಟಿನ ಕ್ರೈಸ್ತರ ಕಾಪ್ಟಿಕ್ ಬೈಬಲ್. ಗ್ರೀಕ್ ಭಾಷೆಯಿಂದ ಸಹಿದಿಕ್, ಬೊಹೈರಿಕ್ ಮೊದಲಾದ ಉಪಭಾಷೆಗಳಿಗೆ ಆದ ಈ ಅನುವಾದಗಳು ಗ್ರೀಕ್ ಪಾಠದ ಪ್ರಾಚೀನ ರೂಪವನ್ನು ತಿಳಿಯಲು ನೆರವಾಗುತ್ತವೆ. ಕಾಪ್ಟಿಕ್ ಹಳೆಯ ಒಡಂಬಡಿಕೆಯ ಡಿಜಿಟಲ್ ಆವೃತ್ತಿಯ ಕೆಲಸವು ಜರ್ಮನಿಯ ಗಟ್ಟಿಂಗೆನ್‌ನಲ್ಲಿ ನಡೆದಿದೆ. ಅಲ್ಲಿಯೂ ಹಸ್ತಪ್ರತಿಯ ಚಿತ್ರ, ಅದರ ಲಿಪ್ಯಂತರ ಮತ್ತು ಅನುವಾದಗಳನ್ನು ಒಂದಕ್ಕೊಂದು ಜೋಡಿಸುವುದೇ ಮುಖ್ಯ ಕಾರ್ಯವಾಗಿದೆ.

ಥೇರವಾದಿಗಳ ಪಾಲಿ ತಿಪಿಟಕವು ಕಂಗ್ಯೂರ್‌ಗಿಂತ ಭಿನ್ನವಾದ ಸಂಗ್ರಹ. ಇಗತ್‌ಪುರಿಯ ವಿಪಶ್ಯನಾ ಸಂಶೋಧನ ಸಂಸ್ಥೆಯು ಸಿದ್ಧಪಡಿಸಿದ ಅದರ ಡಿಜಿಟಲ್ ಪಠ್ಯವನ್ನು ಕನ್ನಡ ಲಿಪಿಯಲ್ಲಿಯೂ ಓದಬಹುದು. ಭಾಷೆ ಮಾತ್ರ ಪಾಲಿಯೇ ಆಗಿರುತ್ತದೆ. ಕಂಗ್ಯೂರ್ ಮತ್ತು ತೆಂಗ್ಯೂರ್‌ಗಳನ್ನು ಮೂಲದಲ್ಲಿ ಓದಬಯಸುವ ಕನ್ನಡಿಗರು ಟಿಬೆಟಿಯನ್ ಲಿಪಿ ಮತ್ತು ಭಾಷೆಗಳನ್ನು ಕಲಿಯಬೇಕಾಗುತ್ತದೆ. ಈ ಗ್ರಂಥಗಳನ್ನು ನಿತ್ಯ ಓದುವ ವಿದ್ವಾಂಸರು ಮುಂಡಗೋಡ ಮತ್ತು ಬೈಲುಕುಪ್ಪೆಗಳಲ್ಲಿಯೇ ಇದ್ದಾರೆ.